ಪಂಡಿತಾ ರಮಾಬಾಯಿಯವರೂ ಅವರ ತಂದೆಯವರೂ

ನಮ್ಮ ಶಾಲೆಯಲ್ಲಿ ಓದಿದ ಯಾವಳೂ ಪಂಡಿತಾ ರಮಾಬಾಯಿಯವರ ಹೆಸರನ್ನು ಕೇಳದೆ ಇರಲಾರಳು. ಕೇಡಗಾಂವಿನ ಮುಕ್ತಿ ಸದನ, ಅಲ್ಲಿ ಆಶ್ರಯ ಪಡೆದ ವಿಧವೆಯರು, ಕ್ಷಾಮದ ಬಾಯಿಂದ ಉಳಿದು ಬಂದ ಅನಾಥ ಬಾಲಿಕೆಯರು, ಮರಾಠಿ ಭಾಷೆಯ ಸತ್ಯವೇದ, ಇವೆಲ್ಲವುಗಳ ವಿಷಯವನ್ನು ನೀವು ತರಗತಿಯಲ್ಲಿಯೂ ಭಾನುವಾರದ ಶಾಲೆಯಲ್ಲಿಯೂ ಕೇಳಿರುವಿರಿ. ಆದರೆ ಆ ಮಹನೀಯಳು ನಮ್ಮ ಕನ್ನಡ ನಾಡಿನ ಬೆಟ್ಟದ ನೆತ್ತಿಯಲ್ಲಿ ಹುಟ್ಟಿದವರೆಂಬದನ್ನೂ, ಅವರಿಗೆ ವಿದ್ಯೆಯ ದಾರಿಯನ್ನು ತೆರೆದು ಕೊಟ್ಟವರು ಮಿಶನಿನವರಾಗಲಿ ಸರಕಾರದವರಾಗಲಿ ಅಲ್ಲ, ಪಂಚೆಯುಟ್ಟು ಪುರಾಣ ಓದುತ್ತ ಊರೂರು ತಿರುಗಿದ ಒಬ್ಬ ವೃದ್ಧ ಶಾಸ್ತ್ರಿಗಳೆಂಬದನ್ನೂ ಅನೇಕರು ಅರಿಯರು. ಆದದರಿಂದ ಈ ಸಂಚಿಕೆಗೆ ರಮಾಬಾಯಿಯವರ ಚರಿತ್ರೆಯನ್ನು ಬರೆಯಬೇಕೆಂದು ಹೊರಟಾಗ, ಅವರ ತಂದೆಯವರಿಂದಲೇ ಆರಂಭಿಸುವದು ಯೋಗ್ಯವೆಂದು ನಮಗೆ ತೋರಿತು.

ಹೀಗೆ ತೋರುವದಕ್ಕೆ ಇನ್ನೊಂದು ಕಾರಣವೂ ಉಂಟು. ಪ್ರತಿ ವರ್ಷವೂ ಪರೀಕ್ಷೆಗಳು ಮುಗಿದ ಮೇಲೆ ಕೆಲವು ಮಂದಿ ತಂದೆಯರು ನಮ್ಮ ಕಚೇರಿಗೆ ಬಂದು, ಮಗಳು ಓದಿದ್ದು ಸಾಕಾಯಿತು, ವರ್ಗಾವಣೆಯ ಪತ್ರವನ್ನು ಕೊಡಬೇಕೆಂದು ಕೇಳುವರು. ಅವರಲ್ಲಿ ಯಾರೂ ಕೆಟ್ಟವರಲ್ಲ. ಮಗಳ ಮೇಲೆ ಪ್ರೀತಿ ಇಲ್ಲದವರೂ ಅಲ್ಲ. ನೆಂಟರು ಏನೆಂದಾರು, ಮುಂದೆ ವರನು ಸಿಕ್ಕಾನೋ ಇಲ್ಲವೋ ಎಂಬ ಭಯವೇ ಅವರನ್ನು ಕರೆತರುವದು. ಮಗಳು ಬಾಗಿಲ ಹೊರಗೆ ಪುಸ್ತಕದ ಚೀಲವನ್ನು ಎದೆಗೆ ಒತ್ತಿಕೊಂಡು ನಿಂತಿರುವಳು. ಆ ಹೊತ್ತಿನಲ್ಲಿ ನಾವು ಹೇಳಬೇಕೆಂದು ಎಣಿಸಿ, ಹೇಳಲಾರದೆ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಅನಂತ ಶಾಸ್ತ್ರಿ ಡೋಂಗ್ರೆಯವರು ಕಾರ್ಕಳ ಸೀಮೆಯಲ್ಲಿ, ಘಟ್ಟದ ಬುಡದಲ್ಲಿರುವ ಮಾಳವೆಂಬ ಊರಿನ ಚಿತ್ಪಾವನ ಬ್ರಾಹ್ಮಣರು. ಚಿಕ್ಕಂದಿನಲ್ಲಿಯೇ ವಿದ್ಯೆಯ ಹಂಬಲದಿಂದ ಮನೆಯನ್ನು ಬಿಟ್ಟು ಪುಣೆಗೆ ಹೋಗಿ, ರಾಮಚಂದ್ರ ಶಾಸ್ತ್ರಿಗಳೆಂಬ ಪಂಡಿತರ ಶಿಷ್ಯರಾದರು. ಆ ಗುರುಗಳು ಕಡೆಯ ಪೇಶ್ವೆಯಾದ ಎರಡನೆಯ ಬಾಜೀರಾಯನ ಅರಮನೆಗೆ ಹೋಗಿ ಅವನ ರಾಣಿಗೆ ಸಂಸ್ಕೃತವನ್ನು ಕಲಿಸುತ್ತಿದ್ದರು. ಶಿಷ್ಯನೂ ಒಮ್ಮೊಮ್ಮೆ ಜತೆಯಲ್ಲಿ ಹೋಗುವದಿತ್ತು. ಹೀಗಿರಲಾಗಿ ಒಂದು ದಿನ ಒಳಗಿನಿಂದ ಹೆಂಗಸಿನ ಸ್ವರವೊಂದು ಸಂಸ್ಕೃತ ಶ್ಲೋಕಗಳನ್ನು ತಪ್ಪಿಲ್ಲದೆ ಹೇಳುವದನ್ನು ಆ ಹುಡುಗನು ಕೇಳಿದನು. ಹೆಂಗಸಿನ ನಾಲಿಗೆಗೆ ದೇವಭಾಷೆಯು ಒಲಿಯದೆಂದು ಕೇಳಿಯೇ ಬೆಳೆದವನಿಗೆ ಇದು ದೊಡ್ಡ ಆಶ್ಚರ್ಯವಾಯಿತು. ತನಗೆ ಹೆಂಡತಿಯಾಗಿ ಬರುವವಳಿಗೆ ತಾನೂ ಹೀಗೆಯೇ ಕಲಿಸುವೆನೆಂದು ಆಗಲೇ ನಿಶ್ಚಯಿಸಿಕೊಂಡನು.

ಮೊದಲ ಯತ್ನವು ನಿಷ್ಫಲವಾಯಿತು. ಊರಿಗೆ ಮರಳಿದ ಮೇಲೆ ಪತ್ನಿಗೆ ಅಕ್ಷರ ಕಲಿಸಲು ತೊಡಗಿದರೆ, ಮನೆಯ ಹಿರಿಯರು ಒಪ್ಪಲಿಲ್ಲ. ಆ ತರುಣಿಗೂ ಮನಸ್ಸಿರಲಿಲ್ಲ. ಅತ್ತೆಯ ಮುಖವನ್ನು ನೋಡಿಕೊಂಡು ಬಾಳಬೇಕಾದವಳು ಗಂಡನ ಹಟಕ್ಕಾಗಿ ಮನೆಯವರನ್ನು ಎದುರು ಹಾಕಿಕೊಳ್ಳುವದು ಹೇಗೆ? ಅವಳನ್ನು ನಾವು ದೂರಲಾರೆವು. ಶಾಸ್ತ್ರಿಗಳು ಆ ಮಾತನ್ನು ಅಲ್ಲಿಗೇ ಬಿಟ್ಟು, ಮೈಸೂರಿನ ಅರಸರ ಆಸ್ಥಾನದಲ್ಲಿ ಕೆಲವು ವರ್ಷ ಪಂಡಿತರಾಗಿದ್ದು, ಸನ್ಮಾನವನ್ನೂ ಹಣವನ್ನೂ ಪಡೆದರು. ಪತ್ನಿಯು ತೀರಿಹೋದಳು. ಕಾಶೀಯಾತ್ರೆಯನ್ನು ಮುಗಿಸಿ ಮರಳುವಾಗ ಗೋದಾವರಿಯ ತೀರದಲ್ಲಿ ಇಬ್ಬರು ಹೆಣ್ಣುಮಕ್ಕಳ ಸಂಗಡ ಬಂದಿದ್ದ ಒಬ್ಬ ಯಾತ್ರಿಕನ ಭೇಟಿಯಾಯಿತು. ಅವನು ಇವರ ಕುಲವನ್ನೂ ಸ್ಥಿತಿಯನ್ನೂ ವಿಚಾರಿಸಿದನು. ಮರುದಿನವೇ ತನ್ನ ಒಂಬತ್ತು ವರ್ಷದ ಹಿರಿಯ ಮಗಳನ್ನು ನಲವತ್ತನಾಲ್ಕು ವರ್ಷದ ಶಾಸ್ತ್ರಿಗಳಿಗೆ ಧಾರೆಯೆರೆದು, ತನ್ನ ದಾರಿಯನ್ನು ಹಿಡಿದು ಹೋದನು. ಈಗ ಇಂಥ ಮದುವೆಯು ಅಪರಾಧವಾಗಿದೆ. ಅದು ಹಾಗಿರುವದೇ ಸರಿ. ಅಪರಿಚಿತನ ಕೈಗೆ ಬಿದ್ದ ಆ ಮಗುವಿಗೆ ಯಾವ ಕೇಡಾದರೂ ಆಗಬಹುದಾಗಿತ್ತು. ಲಕ್ಷ್ಮೀಬಾಯಿ ಎಂಬ ಹೊಸ ಹೆಸರನ್ನು ಹೊತ್ತು ಘಟ್ಟದ ಸೀಮೆಗೆ ಬಂದ ಅವಳಿಗೆ ಮಾತ್ರ ಗಂಡನೇ ತಂದೆಯಂತೆ ಉಪಾಧ್ಯಾಯರಾಗಿ ದೊರೆತರು.

ಶಾಸ್ತ್ರಿಗಳು ಆ ಬಾಲಿಕೆಗೆ ಸಂಸ್ಕೃತವನ್ನು ಕಲಿಸತೊಡಗಿದಾಗ ಜಾತಿಯವರ ಕೋಪವು ಮತ್ತೆ ಎದ್ದಿತು. ವಿಷಯವು ಉಡುಪಿಯ ವರೆಗೆ ಹೋಗಿ, ಅಲ್ಲಿ ಪಂಡಿತರ ಸಭೆಯ ಮುಂದೆ ಅವರು ಉತ್ತರ ಹೇಳಬೇಕಾಯಿತು. ಅವರು ಸಿಟ್ಟಾಗಲಿಲ್ಲ, ಸಭೆಯನ್ನು ತಿರಸ್ಕರಿಸಲೂ ಇಲ್ಲ. ಗ್ರಂಥಗಳನ್ನು ಶೋಧಿಸಿ, ಸ್ತ್ರೀಯರು ಪುರಾಣ ಕಾವ್ಯಗಳನ್ನು ಓದಬಾರದೆಂಬದಕ್ಕೆ ಶಾಸ್ತ್ರದಲ್ಲಿ ಆಧಾರವಿಲ್ಲವೆಂದು ವಚನ ವಚನವಾಗಿ ತೋರಿಸಿಕೊಟ್ಟರು. ಆದರೆ ಅವರ ಧೈರ್ಯಕ್ಕೂ ಒಂದು ಮೇರೆ ಇತ್ತು. ವೇದವನ್ನು ಮಾತ್ರ ಸ್ತ್ರೀಯರು ಓದಕೂಡದೆಂಬದನ್ನು ಅವರೂ ನಂಬಿದ್ದರು. ಈ ಮೇರೆಯನ್ನು ಓದುವವರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಯಾಕಂದರೆ ಮಗಳು ಮುಂದೆ ಅದರ ಬಳಿಗೆ ಬಂದು ನಿಲ್ಲುವಳು.

ವಾದದಲ್ಲಿ ಸೋಲದಿದ್ದರೂ ಊರಿನಲ್ಲಿ ನೆಮ್ಮದಿ ಉಳಿಯಲಿಲ್ಲ. ಆಗ ಅವರು ಪತ್ನಿಯನ್ನು ಕರಕೊಂಡು ಘಟ್ಟವನ್ನೇರಿ ಗಂಗಾಮೂಲಕ್ಕೆ ಹೋದರು. ತುಂಗೆ, ಭದ್ರೆ, ನೇತ್ರಾವತಿಗಳು ಹುಟ್ಟುವ ಆ ಕಾಡನ್ನು ನಮ್ಮ ಭೂಗೋಳದ ಪಾಠದಲ್ಲಿ ನೀವು ನಕ್ಷೆಯ ಮೇಲೆ ಗುರುತಿಸಿದ್ದೀರಿ. ಮೊದಲ ರಾತ್ರಿ ತಲೆಯ ಮೇಲೆ ಸೂರಿಲ್ಲ. ಹತ್ತಿರದಲ್ಲಿಯೇ ಹುಲಿಯ ಗರ್ಜನೆ. ಆ ಬಾಲಿಕೆಯು ಕೌದಿಯಲ್ಲಿ ಮೈಯನ್ನು ಸುತ್ತಿಕೊಂಡು ನಡುಗುತ್ತ ನೆಲದ ಮೇಲೆ ಬಿದ್ದುಕೊಂಡಿದ್ದಳು. ಶಾಸ್ತ್ರಿಗಳು ಬೆಳಗಾಗುವ ವರೆಗೆ ಎಚ್ಚತ್ತು ಕಾದರು. ಆಮೇಲೆ ಕಾಡು ಕಡಿದು ಕುಟೀರವಾಯಿತು, ದನಕರುಗಳಾದವು, ತೋಟವಾಯಿತು. ಶಿಷ್ಯರು ಬಂದು ಸೇರಿದರು. ಲಕ್ಷ್ಮೀಬಾಯಿಯು ಬೆಳೆದು, ಸ್ವತಃ ಆ ಶಿಷ್ಯರಿಗೆ ಪಾಠ ಹೇಳುವಷ್ಟು ವಿದ್ವಾಂಸಳಾದಳು. ಗಂಡುಹುಡುಗರು ಹೆಂಗಸಿನ ಮುಂದೆ ಕೂತು ಸಂಸ್ಕೃತವನ್ನು ಕಲಿತರು, ಮತ್ತು ಅದರಲ್ಲಿ ಶಾಸ್ತ್ರಿಗಳಿಗೆ ಲಜ್ಜೆಯೇನೂ ಕಾಣಲಿಲ್ಲ.

ಇದೇ ಆಶ್ರಮದಲ್ಲಿ 1858ನೆಯ ಇಸವಿ ಏಪ್ರಿಲ್ 23ರಂದು ರಮಾ ಹುಟ್ಟಿದಳು. ಉಳಿದ ಮಕ್ಕಳಲ್ಲಿ ಅವಳೇ ಕಿರಿಯವಳು. ಅಕ್ಕ ಕೃಷ್ಣಾಬಾಯಿ, ಅಣ್ಣ ಶ್ರೀನಿವಾಸ. ಆದರೆ ತಾನು ಹುಟ್ಟಿದ ಮನೆಯನ್ನು ನೆನಪಿನಲ್ಲಿ ಇಟ್ಟುಕೊಳ್ಳುವ ಭಾಗ್ಯವು ಅವಳಿಗೆ ಇರಲಿಲ್ಲ. ಗಂಗಾಮೂಲಕ್ಕೆ ಬಂದ ಯಾತ್ರಿಕರಿಗೆಲ್ಲ ಶಾಸ್ತ್ರಿಗಳು ಉಪಚಾರ ಮಾಡುತ್ತಿದ್ದರು. ಬಂದವರನ್ನು ಬರಿಗೈಯಲ್ಲಿ ಕಳುಹಿಸುವದು ಅವರಿಂದಾಗದು. ಸಾಲವು ಬೆಳೆದು, ಇದ್ದದ್ದೆಲ್ಲವೂ ಹೋಯಿತು. ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಸಂಸಾರವು ಘಟ್ಟವನ್ನು ಇಳಿಯಿತು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಹೊತ್ತುಕೊಂಡು ಬೆಟ್ಟದಿಂದ ಕೆಳಕ್ಕೆ ತಂದರು. ತನ್ನ ಯಾತ್ರೆಯು ಆ ಪೆಟ್ಟಿಗೆಯಿಂದಲೇ ಆರಂಭವಾಯಿತೆಂದು ರಮಾಬಾಯಿಯವರು ಮುಪ್ಪಿನಲ್ಲಿ ನೆನಸಿದ್ದುಂಟು.

ಅಂದಿನಿಂದ ಅವರದು ಪೌರಾಣಿಕರ ಬಾಳು. ಒಂದು ಕ್ಷೇತ್ರದಿಂದ ಇನ್ನೊಂದಕ್ಕೆ ನಡೆದು ಹೋಗುವರು, ದೇವಸ್ಥಾನದ ಪ್ರಾಂಗಣದಲ್ಲಿಯೋ ನದಿಯ ತೀರದಲ್ಲಿಯೋ ಕೂತು ಪುರಾಣವನ್ನು ಓದುವರು, ಕೇಳಿದವರು ಕೊಟ್ಟದ್ದರಲ್ಲಿ ಊಟ ಮಾಡುವರು, ಮಿಕ್ಕದ್ದನ್ನು ದಾನ ಮಾಡುವರು. ರಮೆಗೆ ಎಂಟು ವರ್ಷವಾದಾಗ ತಂದೆಗೆ ವಯಸ್ಸಾಗಿತ್ತು, ಕಣ್ಣುಗಳು ಮಂಜಾಗುತ್ತಿದ್ದವು. ಆದದರಿಂದ ಹಿಂದೆ ತಾವು ಕಲಿಸಿದವಳಿಗೇ ಈಗ ಕಲಿಸುವ ಕೆಲಸವನ್ನು ಒಪ್ಪಿಸಿದರು. ತಾಯಿಗೆ ಹಗಲೆಲ್ಲ ಮನೆಗೆಲಸ. ಹಕ್ಕಿಗಳು ಏಳುವ ಮೊದಲೇ ಅವಳು ಎದ್ದು, ನಿದ್ದೆಗಣ್ಣಿನ ಮಗಳನ್ನು ಮುದ್ದು ಮಾತುಗಳಿಂದ ಎಬ್ಬಿಸಿ ಮಡಿಲಿನಲ್ಲಿ ಕೂರಿಸಿಕೊಂಡು ಪಾಠ ಹೇಳುವಳು. ಪುಸ್ತಕವಿಲ್ಲ, ಹಲಗೆಯಿಲ್ಲ. ತಾಯಿ ಹೇಳಿದ್ದನ್ನು ಮಗಳು ಹೇಳಬೇಕು. ಹೀಗೆ ಹದಿನೈದು ವರ್ಷವಾಗುವಷ್ಟರಲ್ಲಿ ಹದಿನೆಂಟು ಸಾವಿರ ಶ್ಲೋಕಗಳ ಭಾಗವತವು ಅವಳ ಬಾಯಲ್ಲಿ ಇತ್ತು. ವಿದ್ಯುತ್ತಿನ ಬೆಳಕೂ ಮುದ್ರಿತ ಪುಸ್ತಕಗಳೂ ಇದ್ದು, ಪದ್ಯವೊಂದನ್ನು ಬಾಯಿಪಾಠ ಮಾಡಲು ಗೊಣಗುವ ನಮ್ಮ ಹುಡುಗಿಯರಿಗೆ ಇದನ್ನು ನಾವು ಆಗಾಗ್ಗೆ ಹೇಳುವದುಂಟು. ಅವರು ನಗುವರೇ ಹೊರತು ನಂಬುವದಿಲ್ಲ.

ತಂದೆಯವರು ಎಲ್ಲದರಲ್ಲಿಯೂ ಸರಿಯಾಗಿ ನಡೆದರೆಂದು ನಾವು ಹೇಳುವದಿಲ್ಲ. ಹಿರಿಯ ಮಗಳಾದ ಕೃಷ್ಣಾಬಾಯಿಗೆ ರೂಢಿಯಂತೆ ಬಾಲ್ಯದಲ್ಲಿಯೇ ಮದುವೆಯನ್ನು ಮಾಡಿದರು. ಅಳಿಯನನ್ನು ತಮ್ಮ ಬಳಿಯಲ್ಲಿಯೇ ಇಟ್ಟು ಓದಿಸುವೆವೆಂದು ಅವರ ಎಣಿಕೆ. ಅವನಿಗೆ ಓದಿನಲ್ಲಿ ಮನಸ್ಸಿರಲಿಲ್ಲ. ಆ ಮದುವೆಯಿಂದ ಮಗಳಿಗೆ ಬಂದದ್ದು ದುಃಖವೇ. ಇದನ್ನು ಕಣ್ಣಾರೆ ಕಂಡ ಶಾಸ್ತ್ರಿಗಳು ಕಿರಿಯ ಮಗಳ ವಿಷಯದಲ್ಲಿ ಲೋಕದ ಬಾಯಿಗೆ ಅಂಜಲಿಲ್ಲ. ಆಕೆಗೆ ಬಾಲ್ಯವಿವಾಹವನ್ನು ಮಾಡಲೇ ಇಲ್ಲ. ಮಾಡಿದ ತಪ್ಪನ್ನು ಎರಡನೆಯ ಮಗಳ ಮೇಲೆ ಮತ್ತೆ ಮಾಡದಿರುವ ತಂದೆಯು ಆ ಕಾಲದಲ್ಲಿ ಎಷ್ಟು ಅಪರೂಪವೋ, ನಮ್ಮ ಅನುಭವದಲ್ಲಿ ಈ ಕಾಲದಲ್ಲಿಯೂ ಬಹಳ ಮಂದಿ ಇಲ್ಲ.

ಇನ್ನು ಬರೆಯಲು ಕಷ್ಟವಾದ ಭಾಗಕ್ಕೆ ಬರುತ್ತೇವೆ. 1870ರ ದಶಕದ ಕ್ಷಾಮಕಾಲದಲ್ಲಿ ದಕ್ಷಿಣ ದೇಶದಲ್ಲಿ ಪುರಾಣ ಕೇಳುವವರೂ ಕಡಿಮೆಯಾದರು, ಕೊಡುವವರೂ ಇಲ್ಲವಾದರು. ಶಾಸ್ತ್ರಿಗಳು ಕೂಡಿಟ್ಟಿದ್ದ ಹಣವನ್ನು ವ್ರತಗಳಿಗೂ ದಾನಗಳಿಗೂ ಸುರಿದರು. ದೇವರು ಕೈಬಿಡನೆಂಬದೇ ಅವರ ಲೆಕ್ಕ. ಹಣ ಮುಗಿಯಿತು. ಒಡವೆಗಳು ಹೋದವು, ಪಾತ್ರೆಗಳು ಹೋದವು, ಒಳ್ಳೆಯ ಬಟ್ಟೆಗಳು ಹೋದವು. ಕೂಲಿ ಮಾಡಲು ಕುಲದ ಅಭಿಮಾನವು ಬಿಡದು, ಬೇಡಲು ನಾಲಿಗೆ ಏಳದು, ಪುರಾಣದ ಹೊರತು ಅನ್ನ ಸಂಪಾದಿಸುವ ಬೇರೆ ವಿದ್ಯೆಯು ಮನೆಯಲ್ಲಿ ಯಾರಿಗೂ ತಿಳಿಯದು. ಕಡೆಗೆ ತಿರುಪತಿಯ ಸಮೀಪದ ಕಾಡನ್ನು ಹೊಕ್ಕು, ಹನ್ನೊಂದು ದಿನ ನೀರನ್ನೂ ಎಲೆಗಳನ್ನೂ ಸ್ವಲ್ಪ ಕಾಡುಹಣ್ಣನ್ನೂ ತಿಂದು ಜೀವ ಹಿಡಿದರು. ಇನ್ನು ತಾಳಲಾರದೆ ಶಾಸ್ತ್ರಿಗಳು ಪುಣ್ಯತೀರ್ಥದಲ್ಲಿ ಮುಳುಗಿ ದೇಹವನ್ನು ಬಿಡುವೆನೆಂದು ನಿಶ್ಚಯಿಸಿದರು.

ಅಂದು ಅವರು ಮನೆಯವರೆಲ್ಲರನ್ನೂ ಹತ್ತಿರಕ್ಕೆ ಕರೆದು ಒಬ್ಬೊಬ್ಬರಿಗೂ ಕಡೆಯ ಮಾತನ್ನು ಹೇಳಿದರು. ರಮೆಯ ಸರದಿ ಬಂದಾಗ, ಕಣ್ಣು ಕಾಣದ ಆ ವೃದ್ಧರು ಮಗಳನ್ನು ತೋಳುಗಳಲ್ಲಿ ಬಿಗಿಯಾಗಿ ಅಪ್ಪಿಕೊಂಡರು. ತಾನು ಅವಳನ್ನು ಎಷ್ಟು ಪ್ರೀತಿಸಿದೆನೆಂಬದನ್ನೂ, ಧರ್ಮದ ದಾರಿಯನ್ನು ಬಿಡಬಾರದೆಂದು ಹೇಗೆ ಕಲಿಸಿದೆನೆಂಬದನ್ನೂ ಮರೆಯಬೇಡವೆಂದರು. ಬದುಕಿದರೆ ಮಾನದಿಂದ ಬದುಕಬೇಕು, ಆಯುಷ್ಯವಿರುವ ತನಕ ದೇವರ ಸೇವೆಯನ್ನು ಮಾಡಬೇಕು ಎಂದರು. ಆಸ್ತಿಯ ಮಾತಿಲ್ಲ, ಮದುವೆಯ ಮಾತಿಲ್ಲ. ಕೊಡಲು ಬೇರೇನೂ ಉಳಿದಿರಲಿಲ್ಲ. ಆಗ ಶ್ರೀನಿವಾಸನು ಮುಂದೆ ಬಂದು, ಕುಲದ ಅಭಿಮಾನವನ್ನು ಬಿಟ್ಟು ತಾನು ಕೂಲಿ ಮಾಡಿಯಾದರೂ ಎಲ್ಲರನ್ನೂ ಸಾಕುವೆನೆಂದನು. ಮಗನ ಮಾತಿಗೆ ತಂದೆಯವರು ಸಾಯುವ ನಿಶ್ಚಯವನ್ನು ಬಿಟ್ಟು ಕಾಡಿನಿಂದ ಹೊರಗೆ ಬಂದರು. ಆದರೆ ಶರೀರದಲ್ಲಿ ಸತ್ವವಿರಲಿಲ್ಲ. ಕೆಲವೇ ದಿನಗಳಲ್ಲಿ ಜ್ವರದಿಂದ ತೀರಿಕೊಂಡರು. ಮರಣಕ್ಕೆ ಮೊದಲು ಸನ್ಯಾಸವನ್ನು ಸ್ವೀಕರಿಸಿದ್ದರಿಂದ ದೇಹವನ್ನು ಹೂಳಬೇಕಾಗಿತ್ತು. ಹೊರುವವರು ಯಾರೂ ಬರಲಿಲ್ಲ. ಮಗನೇ ತನ್ನ ಧೋತ್ರದಲ್ಲಿ ತಂದೆಯನ್ನು ಗಂಟು ಕಟ್ಟಿ ಎರಡು ಮೈಲಿಗೂ ಹೆಚ್ಚು ದೂರ ಹೊತ್ತನು.

ಆಮೇಲೆ ತಾಯಿಯೂ ಹಾಸಿಗೆ ಹಿಡಿದಳು. ಜ್ವರದಲ್ಲಿ ಅವಳು ರೊಟ್ಟಿಯ ತುಂಡನ್ನು ಬಯಸಿದಾಗ ರಮಾ ನೆರೆಯ ಬ್ರಾಹ್ಮಣರ ಮನೆಗೆ ಹೋದಳು. ಆ ಮನೆಯ ಗೃಹಿಣಿಯು ಪ್ರೀತಿಯಿಂದಲೇ ಮಾತಾಡಿಸಿದರೂ, ಬೇಡುವ ಮಾತು ಮಾತ್ರ ಬಾಯಿಂದ ಹೊರಡಲಿಲ್ಲ. ಹದಿನೆಂಟು ಸಾವಿರ ಶ್ಲೋಕಗಳನ್ನು ಬಲ್ಲ ನಾಲಿಗೆಯು ಒಂದು ಸಜ್ಜೆಯ ರೊಟ್ಟಿಯನ್ನು ಕೇಳಲಾರದೆ ಹೋಯಿತು. ಆ ತಾಯಿಯು ಕಣ್ಣೀರಿನಿಂದಲೇ ತಿಳುಕೊಂಡು ಕೊಟ್ಟಳು. ಅಷ್ಟರಲ್ಲಿ ಲಕ್ಷ್ಮೀಬಾಯಿಗೆ ತಿನ್ನುವ ಶಕ್ತಿಯು ಮೀರಿತ್ತು. ಸ್ಮಶಾನಕ್ಕೆ ಒಯ್ಯುವಾಗ ಚಟ್ಟಕ್ಕೆ ಹೆಗಲು ಕೊಡಲು ಎತ್ತರವು ಸಾಲದೆ, ಮಗಳು ತನ್ನ ಪಾಲಿನ ಭಾರವನ್ನು ತಲೆಯ ಮೇಲೆ ಹೊತ್ತಳೆಂದು ಅವರ ಚರಿತ್ರೆಯಲ್ಲಿ ಉಂಟು. ಅಕ್ಕನೂ ಕಾಲರಾ ರೋಗದಿಂದ ತೀರಿಹೋದಳು.

ಈ ದಿನಗಳಿಂದ ರಮಾಬಾಯಿಯವರು ತಂದೆಯಿಂದ ಎರಡು ಪಾಠಗಳನ್ನು ಕಲಿತರೆಂದು ನಮಗೆ ಕಾಣುತ್ತದೆ. ಒಂದು, ಅವರು ಬಾಯಿಬಿಟ್ಟು ಹೇಳಿದ್ದು. ಇನ್ನೊಂದು ಅವರು ಹೇಳದೆ, ತಮ್ಮ ಸೋಲಿನಿಂದಲೇ ಕಲಿಸಿದ್ದು. ವಿದ್ಯೆಯು ದೊಡ್ಡದು, ಆದರೆ ದುಡಿಯಲು ಅರಿಯದ ಕೈಗಳು ಹಸಿವೆಯ ಕಾಲದಲ್ಲಿ ವಿದ್ಯೆಯನ್ನೂ ಕಾಪಾಡಲಾರವು. ತಂದೆಯ ತಪ್ಪನ್ನು ತಪ್ಪೆಂದು ತಿಳಿದೂ ತಂದೆಯ ಮೇಲಿನ ಗೌರವವನ್ನು ಕಳಕೊಳ್ಳದ ಮಕ್ಕಳು ಕೆಲವರೇ. ಕ್ಷಾಮದ ಈ ವೃತ್ತಾಂತವನ್ನು ರಮಾಬಾಯಿಯವರು ತಾವೇ ಬರೆದಿಟ್ಟರು. ಅದರಲ್ಲಿ ಕುಲಾಭಿಮಾನದ ಮೌಢ್ಯವನ್ನು ಮರೆಮಾಡಲೂ ಇಲ್ಲ, ತಂದೆಯ ಪ್ರೀತಿಯನ್ನು ಕುಂದಿಸಲೂ ಇಲ್ಲ.

ಅಣ್ಣ ತಂಗಿ ಇಬ್ಬರೇ ಉಳಿದು, ಉತ್ತರ ದೇಶವನ್ನೆಲ್ಲ ಕಾಲ್ನಡೆಯಿಂದ ಸುತ್ತಿ 1878ರಲ್ಲಿ ಕಲಕತ್ತೆಯನ್ನು ಸೇರಿದರು. ಅಲ್ಲಿನ ವಿದ್ವಾಂಸರು ಇಪ್ಪತ್ತು ವರ್ಷದ ಈ ತರುಣಿಯನ್ನು ಪರೀಕ್ಷಿಸಿ ಪಂಡಿತಾ ಎಂಬ ಬಿರುದನ್ನೂ ಸರಸ್ವತಿ ಎಂಬ ಬಿರುದನ್ನೂ ಕೊಟ್ಟರು. ಅಲ್ಲಿಯೇ ಬ್ರಹ್ಮಸಮಾಜದ ಕೇಶವಚಂದ್ರ ಸೇನರು ಅವರ ಕೈಯಲ್ಲಿ ವೇದದ ಪುಸ್ತಕವನ್ನಿಟ್ಟು ಓದಬೇಕೆಂದರು. ತಂದೆಯು ಎಳೆದ ಗೆರೆಯು ಇದೇ. ರಮಾಬಾಯಿಯವರು ಅಳುಕಿದರು, ಸ್ತ್ರೀಯರು ಓದಬಾರದೆಂದು ನಂಬಿದ್ದೇನೆಂದರು. ಕಡೆಗೆ ಓದಿದರು. ಸ್ತ್ರೀಯರ ವಿಷಯವಾಗಿ ಧರ್ಮಶಾಸ್ತ್ರಗಳು ಏನು ಹೇಳುತ್ತವೆಂಬದನ್ನೂ ಆಗಲೇ ಓದಿ ನೋಡಿದರು. ಬೇರೆಯವರು ಹೇಳಿದ್ದನ್ನು ನಂಬದೆ ಗ್ರಂಥವನ್ನೇ ತೆರೆದು ನೋಡಬೇಕೆಂಬದನ್ನು ಉಡುಪಿಯ ಸಭೆಯಲ್ಲಿ ತಂದೆಯು ಮಾಡಿ ತೋರಿಸಿದ್ದರಷ್ಟೆ. ಮಗಳು ಅದನ್ನೇ ಮಾಡಿದರು, ಮತ್ತು ತಂದೆಯ ಗೆರೆಯನ್ನು ದಾಟಿದರು.

1880ರಲ್ಲಿ ಅಣ್ಣನು ತೀರಿಹೋದನು. ಅದೇ ವರ್ಷ ಬಂಗಾಲದ ಬಿಪಿನ ಬಿಹಾರಿ ದಾಸರೆಂಬ ವಕೀಲರನ್ನು, ಅವರು ಬ್ರಾಹ್ಮಣರಲ್ಲದಿದ್ದರೂ, ರಮಾಬಾಯಿಯವರು ಮದುವೆಯಾದರು. ಮನೋರಮಾ ಹುಟ್ಟಿ ವರ್ಷ ತುಂಬುವ ಮೊದಲೇ, 1882ರಲ್ಲಿ, ಪತಿಯು ಕಾಲರಾದಿಂದ ಮೃತರಾದರು. ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿ, ಸರಕಾರವು ನೇಮಿಸಿದ ಹಂಟರ್ ಶಿಕ್ಷಣ ಸಮಿತಿಯ ಮುಂದೆ ಹೆಣ್ಣುಮಕ್ಕಳಿಗೆ ಸ್ತ್ರೀ ಉಪಾಧ್ಯಾಯಿನಿಯರೂ ಸ್ತ್ರೀ ವೈದ್ಯರೂ ಬೇಕೆಂದು ಸಾಕ್ಷಿ ಹೇಳಿದರು. ನಮ್ಮಂಥವರ ಉದ್ಯೋಗಕ್ಕೆ ಅಂದು ವಾದಿಸಿದವರಲ್ಲಿ ಅವರೂ ಒಬ್ಬರು.

1883ರಲ್ಲಿ ಇಂಗ್ಲೆಂಡಿಗೆ ಹೋಗಿ, ಪತಿತ ಸ್ತ್ರೀಯರನ್ನು ಎತ್ತಿ ನಿಲ್ಲಿಸುವ ಸೇವೆಯನ್ನು ಅಲ್ಲಿನ ಸನ್ಯಾಸಿನಿಯರಲ್ಲಿ ಕಂಡು, ಸಮಾರ್ಯದ ಸ್ತ್ರೀಯ ಸಂಗಡ ಕರ್ತನು ಮಾತಾಡಿದ ವೃತ್ತಾಂತವನ್ನು ಕೇಳಿ ಮನಸ್ಸು ತಿರುಗಿತು. ಅದೇ ವರ್ಷ ಸಪ್ಟೆಂಬರ್ 29ರಂದು ವಾಂಟೇಜಿನಲ್ಲಿ ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು. ಇದರ ತರುವಾಯ ನಡೆದದ್ದನ್ನು ಮಿಶನಿನ ಅನ್ನವನ್ನುಂಡು ಬೆಳೆದ ನಮ್ಮಂಥವರು ಸಾಧಾರಣವಾಗಿ ಹೇಳದೆ ಬಿಡುವದುಂಟು. ಆದರೆ ಬಿಡುವದು ಸರಿಯಲ್ಲ. ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಅವರು ತಾವು ಓದುತ್ತ ಸಂಸ್ಕೃತವನ್ನು ಕಲಿಸುತ್ತಿದ್ದಾಗ, ಯುವಕರಿಗೂ ಪಾಠ ಹೇಳುವ ಮಾತು ಬಂತು. ಹಿಂದುಸ್ಥಾನದಲ್ಲಿದ್ದ ಇಬ್ಬರು ಬಿಷಪರು, ಅದು ತಕ್ಕದ್ದಲ್ಲ, ಸ್ವದೇಶದಲ್ಲಿ ಆಕೆಯ ಹೆಸರಿಗೆ ಕುಂದು ಬಂದೀತೆಂದು ಆಕ್ಷೇಪಿಸಿದರು. ರಮಾಬಾಯಿಯವರು ಕಾಲೇಜಿನ ಮುಖ್ಯಸ್ಥಳಿಗೆ ಬರೆದ ಪತ್ರದಲ್ಲಿ ತಮ್ಮ ಆಶ್ಚರ್ಯವನ್ನು ತಿಳಿಸಿದರು. ತನ್ನ ತಾಯಿಯಾಗಲಿ ತಾನಾಗಲಿ ಯುವಕರಿಗೆ ಕಲಿಸುವದಕ್ಕೆ ತನ್ನ ತಂದೆಯೂ ಅಡ್ಡಿ ಮಾಡಲಿಲ್ಲ, ತನ್ನ ಪತಿಯೂ ಮಾಡಲಿಲ್ಲ, ಈಗ ಇಂಗ್ಲಿಷರು ಮಾಡುತ್ತಿರುವರಲ್ಲ ಎಂಬದು ಅದರ ತಾತ್ಪರ್ಯ. ಗಂಗಾಮೂಲದ ಗುಡಿಸಲಿನ ಮುಂದೆ ನಡೆದ ಪಾಠವು ಸಮುದ್ರದ ಆಚೆ ಅವರ ನೆರವಿಗೆ ಬಂತು. ತ್ರಯೈಕತ್ವ ಮುಂತಾದ ವಿಷಯಗಳಲ್ಲಿಯೂ, ತನಗೆ ದೀಕ್ಷೆ ಕೊಟ್ಟ ಸಭೆಯವರೊಡನೆ ಅವರು ಪತ್ರಗಳ ಮೂಲಕ ಬಹಳ ವಾದಿಸಿದರು. ತಾನಾಗಿ ಸತ್ಯವೇದವನ್ನು ಓದಿ ತಿಳಿಯದ ಯಾವದನ್ನೂ ಹಿರಿಯರು ಹೇಳಿದರೆಂಬ ಮಾತ್ರಕ್ಕೆ ಒಪ್ಪಲಾರೆನೆಂಬದೇ ಅವರ ಹಟ. ಇದು ಅವಿಧೇಯತೆಯೆಂದು ಕೆಲವರಿಗೆ ತೋರಿತು. ನಮಗಾದರೋ ಇದರಲ್ಲಿ ಅನಂತ ಶಾಸ್ತ್ರಿಗಳ ಸ್ವರವೇ ಕೇಳಿಸುತ್ತದೆ.

ಹಾಗಾದರೆ ತಂದೆಯ ಮತವನ್ನು ಬಿಟ್ಟವರು ತಂದೆಯ ಮಾತನ್ನು ಉಳಿಸಿಕೊಂಡರೆನ್ನಬಹುದೇ? ಈ ಪ್ರಶ್ನೆಯನ್ನು ನಮ್ಮ ಶಾಲೆಗೆ ಮಕ್ಕಳನ್ನು ಕಳುಹಿಸುವ ಹಿಂದೂ ತಂದೆತಾಯಂದಿರು ಕೇಳುವದು ನ್ಯಾಯವೇ ಆಗಿದೆ, ಮತ್ತು ನಾವು ಅದನ್ನು ಲಘುವಾಗಿ ಎಣಿಸುವದಿಲ್ಲ. ಅನಂತ ಶಾಸ್ತ್ರಿಗಳು ಬದುಕಿದ್ದರೆ ಅವರಿಗೆ ನೋವಾಗುತ್ತಿತ್ತೆಂಬದರಲ್ಲಿ ಸಂಶಯವಿಲ್ಲ. ರಮಾಬಾಯಿಯವರಿಗಾದರೆ, ಕಾಡಿನಲ್ಲಿ ತಂದೆಯು ಹೇಳಿದ ಆ ಕಡೆಯ ಮಾತು ದೇವರ ಕಡೆಗೆ ತೋರಿದ ಬೆರಳಾಗಿ ಕಂಡಿತು. ತಾನು ಅರಿಯದ ದೇವರನ್ನು ತನ್ನ ತಂದೆಯು ಪೂರ್ಣಮನಸ್ಸಿನಿಂದಲೇ ಸೇವಿಸಿದನೆಂದು ಅವರು ಬರೆದಿದ್ದಾರೆ. ತೀರ್ಪನ್ನು ನಾವು ಕೊಡುವದಿಲ್ಲ.

1886ರಲ್ಲಿ ಅಮೇರಿಕಕ್ಕೆ ಹೋಗಿ, ಮರುವರ್ಷ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಅದನ್ನು ತಾಯಿಯ ನೆನಪಿಗೆ ಅರ್ಪಿಸಿದರು. ಅಲ್ಲಿ ದೊರೆತ ಸಹಾಯದಿಂದ 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಉಚ್ಚಕುಲದ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದು, ಮುಂದಿನ ವರ್ಷ ಅದನ್ನು ಪುಣೆಗೆ ಒಯ್ದರು. ಅಲ್ಲಿ ಮತಬೋಧನೆಯಿಲ್ಲವೆಂದು ಮಾತು ಕೊಡಲಾಗಿತ್ತು. ಆದರೂ ಅವರು ಮಗಳ ಸಂಗಡ ಪ್ರಾರ್ಥಿಸುವಾಗ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ, ಕೆಲವು ಹುಡುಗಿಯರು ಬಂದು ಕೂಡುತ್ತಿದ್ದರು. 1893ರಲ್ಲಿ ಇದರಿಂದ ದೊಡ್ಡ ಗದ್ದಲವೆದ್ದಿತು. ರಾನಡೆ, ಭಾಂಡಾರಕರ ಮೊದಲಾದ ಹಿತೈಷಿಗಳು ಸಲಹಾಮಂಡಲಿಯನ್ನು ಬಿಟ್ಟರು. ಅನೇಕ ಹುಡುಗಿಯರನ್ನು ಮನೆಯವರು ಹಿಂದಕ್ಕೆ ಕರಕೊಂಡರು. ಬಿಟ್ಟುಹೋದವರು ವಿದ್ಯಾದ್ವೇಷಿಗಳಲ್ಲ, ಕೊಟ್ಟ ಮಾತು ನಿಲ್ಲಲಿಲ್ಲವೆಂದು ಬೇಸತ್ತವರು. ರಮಾಬಾಯಿಯವರೂ ಮಣಿಯಲಿಲ್ಲ. ಜಾತಿಯವರ ಸಿಟ್ಟಿಗೆ ಘಟ್ಟವನ್ನೇರಿದವರ ಮಗಳಲ್ಲವೇ?

ಎರಡನೆಯ ಪಾಠವು ಫಲಿಸಿದ್ದು ಕೇಡಗಾಂವಿನಲ್ಲಿ. 1896ರಲ್ಲಿ ಮಧ್ಯಪ್ರಾಂತದಲ್ಲಿ ಕ್ಷಾಮವು ಬಿತ್ತೆಂದು ಕೇಳಿದ ಕೂಡಲೆ ಅವರಿಗೆ ತಮ್ಮ ಹದಿಹರೆಯದ ಹಸಿವು ನೆನಪಾಯಿತು. ಅಲ್ಲಿಗೆ ಹೋಗಿ, ಎಲುಬಿನ ಗೂಡುಗಳಾಗಿದ್ದ ಹುಡುಗಿಯರನ್ನೂ ವಿಧವೆಯರನ್ನೂ ಕರೆತಂದರು. ಸುಮಾರು ಮುನ್ನೂರು ಮಂದಿ ಹೀಗೆ ಬಂದರು. 1900ರ ಗುಜರಾತಿನ ಕ್ಷಾಮದ ತರುವಾಯ ಮುಕ್ತಿಯಲ್ಲಿ ಎರಡು ಸಾವಿರದಷ್ಟು ಜನರಾದರು. ಅಲ್ಲಿ ಅಕ್ಷರ ಕಲಿತವಳು ಕೈಗೆಲಸವನ್ನೂ ಕಲಿಯಲೇಬೇಕು. ನೇಯ್ಗೆ, ಹೊಲಿಗೆ, ಎಣ್ಣೆಯ ಗಾಣ, ಹೈನು, ತೋಟದ ಕೆಲಸ, ಮುದ್ರಣ, ಯಾವದೂ ಕೀಳಲ್ಲ. ಶಾಸ್ತ್ರಿಗಳ ಮಗಳು ಸ್ವತಃ ಬಾವಿ ತೋಡಿಸುವವರ ನಡುವೆ ನಿಂತು ಲೆಕ್ಕ ನೋಡಿದರು. ಕಣ್ಣಿಲ್ಲದ ಹುಡುಗಿಯರಿಗೂ ಬ್ರೇಲ್ ಲಿಪಿಯಿಂದ ಓದು ಕಲಿಸುವ ಏರ್ಪಾಡಾಯಿತು. ಆ ಕೆಲಸವನ್ನು ಮನೋರಮಾಬಾಯಿಯವರು ಕೈಗೊಂಡರು. ಮುಪ್ಪಿನಲ್ಲಿ ಓದಲಾರದೆ ಹೋದ ತಾತನನ್ನು ಅವರು ಕಂಡವರಲ್ಲ.

ನಮ್ಮ ನಾಡಿನ ಋಣವನ್ನೂ ಅವರು ಮರೆಯಲಿಲ್ಲ. 1910ರ ದಶಕದಲ್ಲಿ ಕಲಬುರ್ಗಿಯಲ್ಲಿ ಒಂದು ಶಾಲೆಯನ್ನು ಸ್ಥಾಪಿಸಿ, ಮಗಳಾದ ಮನೋರಮಾಬಾಯಿಯವರನ್ನೇ ಅದರ ಮುಖ್ಯಸ್ಥಳನ್ನಾಗಿ ಮಾಡಿದರು. ತಮ್ಮ ತರುವಾಯ ಮುಕ್ತಿಯನ್ನು ನಡಿಸುವವಳು ಅವಳೇ ಎಂದು ನೆಚ್ಚಿದ್ದರು. 1921ರಲ್ಲಿ ಮಗಳೇ ಮೊದಲು ತೀರಿಹೋದಳು. ಎಲ್ಲರನ್ನೂ ಕಳಕೊಂಡ ಆ ತಾಯಿಯು ಇನ್ನೂ ಕೆಲವು ತಿಂಗಳು ಬದುಕಿ, 1922ರ ಏಪ್ರಿಲ್ 5ರಂದು ತೀರಿಕೊಂಡರು.

ಕಡೆಯ ವರ್ಷಗಳಲ್ಲಿ ಅವರು ಮಾಡುತ್ತಿದ್ದ ಮುಖ್ಯ ಕೆಲಸವು ಮರಾಠಿ ಸತ್ಯವೇದದ ಭಾಷಾಂತರ. ಇದಕ್ಕಾಗಿ ಇಬ್ರಿಯ ಗ್ರೀಕ್ ಭಾಷೆಗಳನ್ನು ಪ್ರೌಢ ವಯಸ್ಸಿನಲ್ಲಿ ಅಭ್ಯಾಸ ಮಾಡಿದರು. ಆಗ ಇದ್ದ ಮರಾಠಿ ಸತ್ಯವೇದವು ಪಂಡಿತರ ಭಾಷೆಯಲ್ಲಿ ಇದ್ದು, ಹಳ್ಳಿಯ ಹೆಂಗಸಿಗೆ ತಿಳಿಯದಂತಿತ್ತೆಂಬದು ಅವರ ದೂರು. ಚಿಕ್ಕಂದಿನಲ್ಲಿ ಬೆಳಗಿನ ಜಾವದಲ್ಲಿ ತಾಯಿಯ ಬಾಯಿಂದ ಕಲಿತ ಸಂಸ್ಕೃತದ ದೊಡ್ಡ ದೊಡ್ಡ ಶಬ್ದಗಳನ್ನೇ ಅವರು ಈಗ ಒಂದೊಂದಾಗಿ ತೆಗೆದು, ಅಡಿಗೆಮನೆಯಲ್ಲಿಯೂ ಹೊಲದಲ್ಲಿಯೂ ಆಡುವ ಮಾತುಗಳನ್ನು ಇಟ್ಟರು. ಪುಸ್ತಕವು ಮುಕ್ತಿಯ ಮುದ್ರಣಾಲಯದಲ್ಲಿಯೇ ಅಚ್ಚಾಯಿತು. ಮೊಳೆಗಳನ್ನು ಜೋಡಿಸಿದವರು ಆಶ್ರಮದ ಸ್ತ್ರೀಯರು. ಕ್ಷಾಮದ ಕಾಲದಲ್ಲಿ ಅಕ್ಷರವನ್ನೇ ಅರಿಯದೆ ಅಲ್ಲಿಗೆ ಬಂದಿದ್ದವರೂ ಅವರಲ್ಲಿ ಇದ್ದರು.